ಅಪರಿಗ್ರಹ: ಹೊಸ್ತಿಲಲ್ಲಿ ಹಾಕುವ ಲೆಕ್ಕ

ವಾಣಿಜ್ಯಗ್ರಾಮದ ಆನಂದನೆಂಬ ಗೃಹಸ್ಥ ಮಹಾವೀರನ ಎದುರು ನಿಂತು ತನ್ನ ಮನೆಯ ಲೆಕ್ಕ ಒಪ್ಪಿಸಿದ ಪ್ರಸಂಗ ಜೈನರ ಏಳನೆಯ ಅಂಗಗ್ರಂಥ ‘ಉಪಾಸಕದಶಾಂಗ’ದಲ್ಲಿ ಬರುತ್ತದೆ. ಆನಂದ ಬಡವನಲ್ಲ. ಭಂಡಾರದಲ್ಲಿ 4 ಕೋಟಿ ಹೊನ್ನು, ಬಡ್ಡಿಗೆ ಬಿಟ್ಟದ್ದು 4 ಕೋಟಿ, ಮನೆಯ ಸರಕು ಸರಂಜಾಮಿನಲ್ಲಿ 4 ಕೋಟಿ. 10,000 ದನಗಳಂತೆ ನಾಲ್ಕು ಹಿಂಡು. 500 ನೇಗಿಲಿನ ಹೊಲ. ಇಷ್ಟು ಸಾಕು, ಇದರಾಚೆಗಿನದು ಬೇಡ ಎಂದು ಆತ ವ್ರತ ಹಿಡಿದ. ಆಮೇಲೆ ಸಣ್ಣಪುಟ್ಟದಕ್ಕೆ ಬಂದ. ಮೈ ಒರೆಸಿಕೊಳ್ಳಲು ಸುಗಂಧದ ಕೆಂಬಣ್ಣದ ಬಟ್ಟೆ ಒಂದು, ಹಲ್ಲುಜ್ಜಲು ಹಸಿ ಜ್ಯೇಷ್ಠಮಧುವಿನ ಕಡ್ಡಿ, ಸ್ನಾನಕ್ಕೆ ಎಂಟು ಕೊಡ ನೀರು, ಉಡಲು ಒಂದು ಜೊತೆ ಬಟ್ಟೆ, ತುಪ್ಪವೆಂದರೆ ಶರತ್ಕಾಲದ ಹಸುವಿನ ತುಪ್ಪ. ಮಿಕ್ಕದ್ದಕ್ಕೆಲ್ಲ ಕೈಮುಗಿದ.

40,000 ದನ ಇಟ್ಟುಕೊಂಡವನದು ಎಂಥ ಅಪರಿಗ್ರಹ, ಕೂಡಿಡದೆ ಇರುವ ಎಂಥ ವ್ರತ ಎಂದು ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಏಕೆಂದರೆ ಅಪರಿಗ್ರಹವೆಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಶ್ರವಣಬೆಳಗೊಳದ ಬೆಟ್ಟ ಹತ್ತುವ ದಿಗಂಬರ ಮುನಿ. ನವಿಲುಗರಿಯ ಪಿಂಛಿ, ಒಂದು ಕಮಂಡಲು, ಓದಲು ಶಾಸ್ತ್ರ. ಇಷ್ಟೇ ಅವರ ಸಂಗಡ ನಡೆಯುವ ವಸ್ತುಗಳು. ಅದು ಮಹಾವ್ರತ, ಮನೆ ಬಿಟ್ಟವರಿಗೆ ಹೇಳಿದ್ದು. ಮನೆಯಲ್ಲಿ ಇರುವವರಿಗೆ ಶಾಸ್ತ್ರ ಇಟ್ಟಿರುವುದು ಅಣುವ್ರತ. ಅದರ ಹೆಸರು ಪರಿಗ್ರಹ ಪರಿಮಾಣ: ಇಟ್ಟುಕೊಳ್ಳುವುದಕ್ಕೊಂದು ಮೇರೆ. ಆ ಮೇರೆ ಎಷ್ಟು ದೊಡ್ಡದು, ಎಷ್ಟು ಚಿಕ್ಕದು ಎಂಬುದನ್ನು ಗ್ರಂಥ ಹೇಳುವುದಿಲ್ಲ. ಗೃಹಸ್ಥನೇ ಗೊತ್ತುಮಾಡಿಕೊಳ್ಳಬೇಕು, ಅದೂ ಮೊದಲೇ. ಆನಂದ ಇದ್ದ ಹೊನ್ನನ್ನು ಚೆಲ್ಲಲಿಲ್ಲ; ಇನ್ನಷ್ಟು ಬರಲಿ ಎಂಬ ಬಯಕೆಯ ಬಾಗಿಲು ಹಾಕಿದ.

ಇಂದಿನ ಸಂಸಾರಸ್ಥರಿಗೆ ಈ ತತ್ತ್ವ ಹತ್ತಿರವಾಗುವುದು ಇಲ್ಲೇ. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟೇ ಆಗಲಿ, ಹುಬ್ಬಳ್ಳಿಯ ಹಳೆಯ ಓಣಿಯ ಮನೆಯೇ ಆಗಲಿ, ಅಟ್ಟಕ್ಕೆ ಏಣಿ ಹಾಕಿದರೆ ಸಿಗುವ ಸಾಮಾನು ಹೆಚ್ಚುಕಡಿಮೆ ಒಂದೇ. ಗೃಹಪ್ರವೇಶಕ್ಕೆ ಬಂದ, ಕೊಟ್ಟವರ ಹೆಸರು ಕೊರೆಸಿದ ಸ್ಟೀಲ್ ಪಾತ್ರೆಗಳು. ಮಿಕ್ಸಿ ಕೆಟ್ಟುಹೋಗಿ ಉಳಿದುಕೊಂಡ ಜಾರುಗಳು. ಟಿವಿ ಬಂದ ರಟ್ಟಿನ ಡಬ್ಬ, ಮನೆ ಬದಲಿಸುವಾಗ ಬೇಕಾದೀತೆಂದು. ಮಗ ಎಂಟನೆಯ ತರಗತಿಯಲ್ಲಿ ಓದಿದ ಗೈಡುಗಳು, ಆತನಿಗೀಗ ಮದುವೆಯಾಗಿದೆ. ಅಡುಗೆಮನೆಯ ಮೂಲೆಯಲ್ಲಿ ಕವರಿನೊಳಗೆ ಕವರು ತುರುಕಿದ ಇನ್ನೊಂದು ಕವರು. ಯುಗಾದಿಗೋ ದಸರೆಗೋ ಧೂಳು ಹೊಡೆಯುವ ದಿನ ಇದೆಲ್ಲ ಕೆಳಗಿಳಿಯುತ್ತದೆ, ಒರೆಸಿಕೊಳ್ಳುತ್ತದೆ, ಸಂಜೆಯ ಹೊತ್ತಿಗೆ ಮತ್ತೆ ಮೇಲೇರುತ್ತದೆ. ಮನೆ ಚೊಕ್ಕಟವಾಗುತ್ತದೆಯೇ ಹೊರತು ಹಗುರವಾಗುವುದಿಲ್ಲ.

ಈ ಹೊರೆ ಎಷ್ಟೆಂದು ಎಣಿಸಿ ನೋಡಿದವರಿದ್ದಾರೆ. ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2001ರಿಂದ 2005ರವರೆಗೆ ಆ ಊರಿನ 32 ಮಧ್ಯಮವರ್ಗದ ಕುಟುಂಬಗಳ ಮನೆಯೊಳಗೇ ಹೋಗಿ ಅಧ್ಯಯನ ಮಾಡಿದರು. ಎಲ್ಲವೂ ದಂಪತಿ ಇಬ್ಬರೂ ದುಡಿಯುವ, ಮಕ್ಕಳಿರುವ ಮನೆಗಳು. ಮೊದಲ ಮನೆಯ ಮೂರೇ ಕೋಣೆಗಳಲ್ಲಿ ಕಣ್ಣಿಗೆ ಕಂಡ ವಸ್ತುಗಳು 2,260. ಬೀರು, ಡ್ರಾಯರುಗಳ ಒಳಗಿನದು ಈ ಲೆಕ್ಕಕ್ಕೆ ಸೇರಿಲ್ಲ. ನಾಲ್ಕರಲ್ಲಿ ಮೂರು ಗ್ಯಾರೇಜುಗಳಲ್ಲಿ ಕಾರಿಗೆ ಜಾಗವಿಲ್ಲದಷ್ಟು ಸಾಮಾನು. ಅದೇ ಕುಟುಂಬಗಳ ಬಗ್ಗೆ 2010ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಇನ್ನೂ ಯೋಚಿಸುವಂತೆ ಮಾಡುತ್ತದೆ. ತಮ್ಮ ಮನೆಯನ್ನು ತೋರಿಸುತ್ತ ‘ಎಲ್ಲ ಹರಡಿಕೊಂಡಿದೆ, ಕೆಲಸ ಮುಗಿದೇ ಇಲ್ಲ’ ಎಂಬ ಧಾಟಿಯಲ್ಲಿ ಮಾತಾಡಿದ ತಾಯಂದಿರಲ್ಲಿ, ದಿನ ಕಳೆದಂತೆ ಇಳಿಯಬೇಕಾದ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಸರಿಯಾಗಿ ಇಳಿಯುತ್ತಿರಲಿಲ್ಲ. ಗಂಡಂದಿರಲ್ಲಿ ಈ ನಂಟು ಹಾಗೆ ಕಾಣಲಿಲ್ಲ. ವಸ್ತು ಎಲ್ಲರದ್ದು, ಅದರ ಭಾರ ಒಬ್ಬಳದ್ದು ಎಂಬುದು ನಮ್ಮ ಮನೆಗಳಲ್ಲೂ ಹೊಸ ಸುದ್ದಿಯಲ್ಲ.

ವಸ್ತು ಹೀಗೇಕೆ ಭಾರವಾಗುತ್ತದೆ? ಇದಕ್ಕೆ ಅತ್ಯಂತ ಖಚಿತವಾದ ವಿವರಣೆ ಸಿಗುವುದು ಯೋಗಶಾಸ್ತ್ರದಲ್ಲಿ. ಪತಂಜಲಿ ಅಪರಿಗ್ರಹವನ್ನು ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯಗಳ ಜೊತೆ ಐದು ಯಮಗಳಲ್ಲಿ ಒಂದಾಗಿ ಎಣಿಸಿದ. ಅದಕ್ಕೆ ಭಾಷ್ಯ ಬರೆದ ವ್ಯಾಸ, ಯಾವುದೇ ವಸ್ತುವನ್ನು ತನ್ನದಾಗಿಸಿಕೊಳ್ಳುವುದರಲ್ಲಿ ಐದು ದೋಷಗಳಿವೆ ಎಂದ: ಅರ್ಜನ, ರಕ್ಷಣ, ಕ್ಷಯ, ಸಂಗ, ಹಿಂಸೆ. ಇವನ್ನು ಕಂಡವನು ತಾನಾಗಿಯೇ ಕೈ ಹಿಂದೆಗೆಯುತ್ತಾನೆ, ಅದೇ ಅಪರಿಗ್ರಹ ಎಂಬುದು ಆತನ ವಾದ.

ಒಂದು ರೇಷ್ಮೆ ಸೀರೆಯನ್ನು ಎದುರಿಗಿಟ್ಟುಕೊಂಡು ಈ ಐದನ್ನೂ ನೋಡಬಹುದು. ಅದನ್ನು ಕೊಳ್ಳಲು ದುಡಿದದ್ದು, ಅಂಗಡಿ ಅಂಗಡಿ ಅಲೆದದ್ದು ಅರ್ಜನ. ತಂದ ಮೇಲೆ ಅದಕ್ಕೆ ಬಿಳಿಯ ಪಂಚೆಯ ಹೊದಿಕೆ. ವರ್ಷಕ್ಕೆರಡು ಸಲ ಮಡಿಕೆ ಬದಲಿಸಿ ಗಾಳಿಗೆ ಹಾಕಬೇಕು, ನುಸಿಗುಳಿಗೆ ಜರಿಗೆ ತಾಗದಂತೆ ಇಡಬೇಕು. ಊರಿಗೆ ಹೊರಟಾಗ ಬೀರುವಿನ ಬೀಗ ಎರಡೆರಡು ಸಲ ಎಳೆದು ನೋಡುವುದೂ ಇದರಲ್ಲೇ ಸೇರಿತು. ಇದಿಷ್ಟು ರಕ್ಷಣ. ಎಷ್ಟು ಕಾಪಾಡಿದರೂ ಮಡಿಕೆಯ ಗೆರೆಯಲ್ಲೇ ಅದು ಪಿಸಿಯತೊಡಗುತ್ತದೆ, ಜರಿ ಕಪ್ಪಾಗುತ್ತದೆ: ಕ್ಷಯ. ಆ ಪಿಸಿದ ಗೆರೆ ಕಂಡಾಗ ಎದೆ ಚುರ್ ಎನ್ನುವುದು, ಉಟ್ಟರೆ ಹಾಳಾದೀತೆಂದು ಉಡದೆ ಇಟ್ಟುಕೊಳ್ಳುವುದು ಸಂಗ. ಐದನೆಯದಾದ ಹಿಂಸೆ ಮನೆಯೊಳಗಿನವರಿಗೆ ಕಾಣುವುದೇ ಇಲ್ಲ. ರೇಷ್ಮೆಗೂಡನ್ನು ಬಿಸಿನೀರಿಗೆ ಹಾಕಿ ನೂಲು ಬಿಚ್ಚುವಲ್ಲಿ ಅದು ಮುಗಿದಿರುತ್ತದೆ.

ಇವುಗಳಲ್ಲಿ ಹೆಚ್ಚು ವಂಚಿಸುವುದು ರಕ್ಷಣ. ಕೊಳ್ಳುವಾಗ ಬೆಲೆಚೀಟಿಯ ಮೇಲೆ ಅರ್ಜನದ ವೆಚ್ಚ ಮಾತ್ರ ಬರೆದಿರುತ್ತದೆ. ಒರೆಸುವ, ಜೋಡಿಸುವ, ಹುಡುಕುವ, ರಿಪೇರಿಗೆ ಒಯ್ಯುವ, ಯಾರಾದರೂ ಎತ್ತಿಕೊಂಡು ಹೋದಾರೆಂದು ಅಂಜುವ ವೆಚ್ಚ ಆಮೇಲೆ ವರ್ಷಗಟ್ಟಲೆ ಕಂತಿನಲ್ಲಿ ಬರುತ್ತದೆ. ಕಾರ್ಟಿಸಾಲ್ ಅಳೆದವರು ಕಂಡದ್ದೂ ಬಹುಶಃ ಈ ಕಂತನ್ನೇ.

ಜೈನ ಚಿಂತನೆ ಇಲ್ಲಿಂದ ಇನ್ನೊಂದು ಹೆಜ್ಜೆ ಒಳಕ್ಕೆ ಹೋಗುತ್ತದೆ. ಹೊರಗಿನ ಪರಿಗ್ರಹ ಹತ್ತು ಬಗೆ: ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ದಾಸಿ, ದಾಸ, ಬಟ್ಟೆಬರೆ, ಪಾತ್ರೆ ಪಗಡ. ಒಳಗಿನ ಪರಿಗ್ರಹ ಹದಿನಾಲ್ಕು. ಅದರಲ್ಲಿ ಕೋಪವಿದೆ, ಲೋಭವಿದೆ, ಭಯವಿದೆ, ಶೋಕವೂ ಇದೆ. ಒಳಗಿನದೇ ಹೆಚ್ಚು ಎಂಬುದನ್ನು ಗಮನಿಸಬೇಕು. ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ದ ನಿಲುವೂ ಇದೇ: ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ಅದರ ಮೇಲೆ ಕವಿದ ಮೋಹದಲ್ಲಿ. ಅಟ್ಟದ ಮೇಲಿನ ರಟ್ಟಿನ ಡಬ್ಬದೊಳಗೆ ಇರುವುದು ಮುಂದೇನಾದೀತೋ ಎಂಬ ಭಯ. ತೀರಿಕೊಂಡ ಅಜ್ಜಿಯ ಮುರಿದ ಕನ್ನಡಕದ ಪೆಟ್ಟಿಗೆಯೊಳಗೆ ಇರುವುದು ಶೋಕ. ಎರಡನ್ನೂ ಒಂದೇ ಚೀಲಕ್ಕೆ ತುಂಬಿ ಗುಜರಿಯವನಿಗೆ ಕೊಟ್ಟರೆ ಅಟ್ಟವೇನೋ ಖಾಲಿಯಾಗುತ್ತದೆ, ಭಯ ಮಾತ್ರ ಮುಂದಿನ ತಿಂಗಳು ಇನ್ನೊಂದು ಡಬ್ಬ ತರಿಸುತ್ತದೆ.

ಜಪಾನಿನ ಮಾರಿ ಕೊಂಡೊ ಅವರ ವಿಧಾನ ಜಗತ್ತಿನಾದ್ಯಂತ ಮನೆಮಾತಾಗಿದೆ. ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿದು, ಇದು ಸಂತೋಷ ಕೊಡುತ್ತದೆಯೇ ಎಂದು ಕೇಳಿಕೊಳ್ಳಿ, ಕೊಟ್ಟರೆ ಇಟ್ಟುಕೊಳ್ಳಿ ಎನ್ನುತ್ತಾರೆ ಅವರು. ಲಕ್ಷಾಂತರ ಮನೆಗಳಿಗೆ ಅದು ನೆರವಾಗಿದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಪರಿಗ್ರಹದ ದೃಷ್ಟಿಗೆ ಅದೇ ಸಂತೋಷ ಪರೀಕ್ಷೆಯಾಗಲಾರದು, ಪರೀಕ್ಷೆಗೆ ಒಳಗಾಗಬೇಕಾದದ್ದು. ಹಾಗೆಂದು ಇಷ್ಟದ ವಸ್ತುಗಳನ್ನೆಲ್ಲ ಬಿಸಾಡಬೇಕೆಂದೂ ಅಲ್ಲ. ಮೈಸೂರು ಸೀಮೆಯ ಮನೆಗಳಲ್ಲಿ ದಸರೆಯ ಪಟ್ಟದ ಗೊಂಬೆಗಳು ಹನ್ನೊಂದು ತಿಂಗಳು ಟ್ರಂಕಿನಲ್ಲಿ ಹಳೆಯ ಪಂಚೆ ಸುತ್ತಿಕೊಂಡು ಮಲಗಿರುತ್ತವೆ, ಹತ್ತೇ ದಿನ ಜಗಲಿ ಕಾಣುತ್ತವೆ. ಬಳಕೆಯ ದಿನ ಎಣಿಸಿದರೆ ಅವು ಮೊದಲು ಹೊರಗೆ ಹೋಗಬೇಕು. ಆದರೆ ಆ ಮನೆಯ ಮಕ್ಕಳು ಗೊಂಬೆ ಕೂರಿಸುತ್ತ ಕಥೆ ಕೇಳುತ್ತಾರೆ, ಬೀದಿಯವರೆಲ್ಲ ಬಂದು ಬೊಂಬೆ ಬಾಗಿನ ತಿನ್ನುತ್ತಾರೆ. ಅಲ್ಲಿ ವಸ್ತು ಹಂಚಿಕೆಗೆ ನಿಂತಿದೆ. ಪಕ್ಕದ ಮನೆಯವರದ್ದಕ್ಕಿಂತ ಒಂದು ಮೆಟ್ಟಿಲು ಹೆಚ್ಚಾಗಲಿ ಎಂದು ಪ್ರತಿವರ್ಷ ಹೊಸ ಸೆಟ್ಟು ಬರತೊಡಗಿದರೆ ಆಗ ಲೆಕ್ಕ ಬೇರೆ. ವಸ್ತು ಅದೇ, ಪರಿಗ್ರಹ ಹುಟ್ಟಿದ್ದು ಈಗ.

ಒಬ್ಬರೇ ಇರುವ ಕೋಣೆಯಲ್ಲಿ ಇದೆಲ್ಲ ಸುಲಭ. ಸಂಸಾರದಲ್ಲಿ ಏಳುವ ತೊಡಕು ಬೇರೆಯದೇ: ಯಾರ ವಸ್ತುವಿನ ಮೇರೆಯನ್ನು ಯಾರು ಗೊತ್ತುಮಾಡಬೇಕು? ಈ ತೊಡಕು ಎಷ್ಟು ನಿಜವೆಂಬುದಕ್ಕೆ ಗಾಂಧೀಜಿಯವರ ಆತ್ಮಕಥೆಯಲ್ಲೇ ಸಾಕ್ಷಿಯಿದೆ. 1901ರಲ್ಲಿ ಅವರು ದಕ್ಷಿಣ ಆಫ್ರಿಕಾದಿಂದ ಹೊರಟಾಗ ಅಲ್ಲಿನ ಭಾರತೀಯರು ಬೆಳ್ಳಿ ಬಂಗಾರದ ಉಡುಗೊರೆಗಳನ್ನು ತಂದು ಸುರಿದರು. ಕಸ್ತೂರಬಾ ಅವರಿಗೆಂದೇ 50 ಗಿನಿ ಬೆಲೆಯ ಚಿನ್ನದ ಹಾರವಿತ್ತು. ಗಾಂಧಿ ರಾತ್ರಿಯೆಲ್ಲ ನಿದ್ದೆಗೆಟ್ಟು, ಎಲ್ಲವನ್ನೂ ಸಮುದಾಯದ ಟ್ರಸ್ಟಿಗೆ ಒಪ್ಪಿಸುವುದೆಂದು ತೀರ್ಮಾನಿಸಿದರು. ಮೊದಲು ಮಕ್ಕಳನ್ನು ಒಪ್ಪಿಸಿ ತಮ್ಮ ಪಕ್ಷಕ್ಕೆ ಎಳೆದುಕೊಂಡು, ಆಮೇಲೆ ಹೆಂಡತಿಯ ಬಳಿಗೆ ಹೋದರು. ಕಸ್ತೂರಬಾ ಸುಲಭವಾಗಿ ಒಪ್ಪಲಿಲ್ಲ. ನಾಳೆ ಬರುವ ಸೊಸೆಯರಿಗೆ ಬೇಡವೇ ಎಂದರು. ನನಗೆ ಕೊಟ್ಟ ಹಾರದ ಮೇಲೆ ನಿಮಗೇನು ಹಕ್ಕು ಎಂದರು. ನಿಮ್ಮ ಸೇವೆಯ ಹಿಂದೆ ಹಗಲೂ ರಾತ್ರಿ ನಾನು ಜೀವ ತೇಯ್ದದ್ದು ಸೇವೆಯಲ್ಲವೇ ಎಂದು ಅತ್ತರು. ಕೊನೆಗೆ ಒಡವೆಗಳು ಟ್ರಸ್ಟಿಗೇ ಹೋದವು. ಗಾಂಧಿಯವರ ನಿಸ್ಪೃಹತೆ ದೊಡ್ಡದು. ಆದರೂ ಕಸ್ತೂರಬಾ ಕೇಳಿದ ಪ್ರಶ್ನೆಗಳಿಗೆ ಆ ದಿನ ತಕ್ಕ ಉತ್ತರ ಸಿಗಲಿಲ್ಲವೆಂದೇ ಹೇಳಬೇಕು. ತನ್ನ ವ್ರತವನ್ನು ಇನ್ನೊಬ್ಬರ ಕೊರಳಿನ ಮೇಲೆ ಆಚರಿಸಲು ಬರುವುದಿಲ್ಲ.

ಆನಂದನ ಮನೆಯಲ್ಲಿ ನಡೆದದ್ದು ಬೇರೆ. ವ್ರತ ಹಿಡಿದು ಮನೆಗೆ ಬಂದವನು ಹೆಂಡತಿ ಶಿವಾನಂದೆಯ ಸಂದೂಕ ತೆರೆಯಲಿಲ್ಲ. ನಾನು ಹೀಗೆ ಕೇಳಿ ಬಂದೆ, ನೀನೂ ಹೋಗಿ ಕೇಳು ಎಂದ. ಆಕೆ ತಾನೇ ರಥ ಹೂಡಿಸಿಕೊಂಡು ಹೋಗಿ, ಉಪದೇಶ ಕೇಳಿ, ತನ್ನ ವ್ರತವನ್ನು ತಾನೇ ಸ್ವೀಕರಿಸಿದಳು. ಶಾಲೆಗೆ ಹೋದ ಮಗಳ ಆಟಿಕೆಗಳನ್ನು ಹೇಳದೆ ಕೇಳದೆ ಕಸಕ್ಕೆ ಹಾಕುವ ತಂದೆತಾಯಿ, ಅತ್ತೆಯ ತಾಮ್ರದ ಹಂಡೆಯನ್ನು ಅವರು ಯಾತ್ರೆಗೆ ಹೋದಾಗ ತೂಕಕ್ಕೆ ಮಾರುವ ಸೊಸೆ, ಇವರಿಗೆಲ್ಲ ಈ ಪ್ರಸಂಗದಲ್ಲಿ ಕಲಿಯುವುದಿದೆ. ಕದ್ದು ಖಾಲಿ ಮಾಡಿದ ಕಡೆ ಮೋಹ ಇಮ್ಮಡಿಯಾಗುತ್ತದೆ. ಒಮ್ಮೆ ಕಳೆದುಕೊಂಡ ಮಗು ಮುಂದೆ ಪೆನ್ಸಿಲ್ ತುಂಡನ್ನೂ ಬಚ್ಚಿಡುತ್ತದೆ.

ಕಲ್ಯಾಣದ ಶರಣರ ಕಥೆಗಳಲ್ಲಿ ಇದೇ ತತ್ತ್ವ ದಂಪತಿಗಳ ನಡುವಿನ ಮಾತಾಗಿ ಬರುತ್ತದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಆಯ್ದಕ್ಕಿ ಮಾರಯ್ಯನೆಂಬ ಶರಣನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಮೊರಕ್ಕೆ ಸುರಿಯುವ ಮುನ್ನವೇ ಅದರ ಅಳತೆ ಕಂಡು, ಇಂದಿಗೆ ಬೇಕಾದಷ್ಟನ್ನು ಇಟ್ಟು ಮಿಕ್ಕದ್ದನ್ನು ಸಿಕ್ಕ ಜಾಗದಲ್ಲೇ ಬಿಟ್ಟು ಬಾ ಎಂದು ಕಳುಹಿಸಿದಳು. ಒಳಗೆ ಬಂದು ಡಬ್ಬಿ ಸೇರಿದ ಮೇಲೆ ಅಕ್ಕಿಗೆ ನೂರು ಕಾರಣ ಹುಟ್ಟಿಕೊಳ್ಳುತ್ತಿದ್ದವು. ಆಕೆ ತೀರ್ಪು ಕೊಟ್ಟದ್ದು ಹೊಸ್ತಿಲಲ್ಲಿ.

ಇಂದಿನ ಹೊಸ್ತಿಲಿಗೆ ಡೆಲಿವರಿ ಹುಡುಗ ಬರುತ್ತಾನೆ, ಅದೂ ಹತ್ತು ನಿಮಿಷದಲ್ಲಿ. ಕೊಳ್ಳುವುದಕ್ಕೂ ಬೇಕೇ ಎಂದು ಯೋಚಿಸುವುದಕ್ಕೂ ನಡುವೆ ಇದ್ದ ಪೇಟೆಯ ದಾರಿ ಇಲ್ಲವಾಗಿದೆ. ಹೊರಗೆ ಹಾಕುವ ದಾರಿಗಳೂ ವಿಚಿತ್ರ. ಹಳೆಯ ಬಟ್ಟೆ ಕೊಟ್ಟರೆ ಬೀದಿಯಲ್ಲಿ ಬರುವ ಪಾತ್ರೆಯವಳು ಸ್ಟೀಲಿನ ಬೋಗುಣಿ ಕೊಟ್ಟುಹೋಗುತ್ತಾಳೆ. ಬೀರು ಹಗುರವಾಗಿ ಅಡುಗೆಮನೆ ತುಂಬುತ್ತದೆ. ಅರಿಸಿನ ಕುಂಕುಮಕ್ಕೆ ಕರೆದವರ ಮನೆಯ ರವಿಕೆ ಕಣ ಹೊಲಿಗೆ ಕಾಣದೆ ನಾಲ್ಕಾರು ಮನೆ ಸುತ್ತಿ, ಕೆಲವೊಮ್ಮೆ ಮೊದಲು ಕೊಟ್ಟವರಿಗೇ ಬಂದು ಸೇರುತ್ತದೆ. ಅದಕ್ಕಿಂತ ಉತ್ತರ ಕರ್ನಾಟಕದ ಹೆಂಗಸರ ಕೌದಿ ಮೇಲು: ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳ ತುಂಡು ಸೇರಿ ಹೊದೆಯುವ ಒಂದು ವಸ್ತುವಾಗುತ್ತದೆ, ಹೊಸದೊಂದು ಹೊದಿಕೆ ಕೊಳ್ಳುವುದೂ ತಪ್ಪುತ್ತದೆ.

ಮೇರೆ ಹಾಕಿಕೊಂಡವರ ಮನೆಯಲ್ಲಿ ಮಿಕ್ಕದ್ದು ಎಲ್ಲಿಗೆ ಹೋಗಬೇಕೆಂಬುದಕ್ಕೆ ಜೈನ ಪರಂಪರೆಯ ಉತ್ತರ ದಾನ: ಆಹಾರ, ಔಷಧ, ಶಾಸ್ತ್ರ, ಅಭಯ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1,000 ಪ್ರತಿ ಬರೆಯಿಸಿ ಹಂಚಿದಳೆಂಬ ಪ್ರಸಿದ್ಧಿ ಈ ಸಾಲಿನದೇ.

ಕೊನೆಗೆ, ಆರಂಭಿಸುವುದು ಹೇಗೆ ಎಂಬುದು. ಆಜೀವ ವ್ರತವೆಂದರೆ ಯಾರಿಗಾದರೂ ದಿಗಿಲೇ. ಗೃಹಸ್ಥರಿಗಾಗಿ ಸಮಂತಭದ್ರಾಚಾರ್ಯರು ಬರೆದ 150 ಶ್ಲೋಕಗಳ ‘ರತ್ನಕರಂಡಕ ಶ್ರಾವಕಾಚಾರ’ ಈ ದಿಗಿಲನ್ನು ಬಲ್ಲ ಗ್ರಂಥ. ಪರಿಗ್ರಹ ಪರಿಮಾಣಕ್ಕೆ ಇಚ್ಛಾಪರಿಮಾಣವೆಂಬ ಇನ್ನೊಂದು ಹೆಸರೂ ಅಲ್ಲಿದೆ. ಜೀವನಪೂರ್ತಿ ಬಿಡುವುದನ್ನು ಯಮವೆಂದೂ ಗಡುವು ಹಾಕಿಕೊಂಡು ಬಿಡುವುದನ್ನು ನಿಯಮವೆಂದೂ ಕರೆದು, ಊಟ, ವಾಹನ, ಹಾಸಿಗೆ, ಬಟ್ಟೆ, ಒಡವೆ ಇಂಥವಕ್ಕೆ ಹಾಕಿಕೊಳ್ಳಬಹುದಾದ ಗಡುವುಗಳನ್ನು ಅದು ಸಾಲಾಗಿ ಹೇಳುತ್ತದೆ: ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ತಿಂಗಳು, ಒಂದು ಋತು, ಒಂದು ಅಯನ. ಇಂದಿನ ಸಂಸಾರಕ್ಕೆ ಇದಕ್ಕಿಂತ ಹೊಂದುವ ವಿಧಾನ ಕಾಣುವುದಿಲ್ಲ. ಊಟಕ್ಕೆ ಕೂತಾಗ ಮನೆಯವರೆಲ್ಲ ಒಂದೊಂದು ವಸ್ತು ಹೇಳಲಿ, ಪ್ರತಿಯೊಬ್ಬರೂ ತಮ್ಮದನ್ನೇ. ಅಪ್ಪ ಈ ಅಯನದಲ್ಲಿ ಹೊಸ ಶೂ ಬೇಡವೆನ್ನಬಹುದು, ಅಮ್ಮ ಎರಡು ತಿಂಗಳು ಹೊಸ ಡಬ್ಬಿ, ಡಬರಿ ತರುವುದಿಲ್ಲವೆನ್ನಬಹುದು, ಮಗಳು ಒಂದು ಪಕ್ಷ ಸ್ಟಿಕ್ಕರ್ ಕೊಳ್ಳದೆ ಇರಬಹುದು. ಅಜ್ಜಿ ಏನೂ ಹೇಳದಿದ್ದರೆ ಅವರ ಟ್ರಂಕನ್ನು ಯಾರೂ ಮುಟ್ಟುವುದು ಬೇಡ. ಹೇಳಿದ್ದನ್ನು ಕ್ಯಾಲೆಂಡರಿನ ಮೇಲೆ ಗುರುತು ಹಾಕಿಕೊಂಡರೆ ಸಾಕು. ಗಡುವು ತೀರಿದ ದಿನ ಅವರವರ ಮೇರೆಯನ್ನು ಅವರವರೇ ಮುಂದುವರಿಸಬಹುದು, ಸಡಿಲಿಸಬಹುದು, ಇಲ್ಲವೇ ಬೇರೊಂದು ವಸ್ತುವಿಗೆ ಹಾಕಿಕೊಳ್ಳಬಹುದು.