ಬೀಜ ಹೊರಗಿನದು, ಹೊಲ ಯಾರದು?

ಜನರು ಹಾಕಿದ ಮತವನ್ನು ನ್ಯಾಯಾಲಯ ಅಳಿಸಿಹಾಕಬಹುದೇ? ಪ್ರಜಾಪ್ರಭುತ್ವವನ್ನು ಉಳಿಸುವುದಕ್ಕಾಗಿಯೇ ಚುನಾವಣೆಯನ್ನು ರದ್ದುಮಾಡುವುದು ನ್ಯಾಯವೇ, ಅನ್ಯಾಯವೇ? ಇದು ಚರ್ಚಾಕೂಟಕ್ಕೆಂದು ಹೆಣೆದ ಪ್ರಶ್ನೆಯಲ್ಲ. ಪೂರ್ವ ಯೂರೋಪಿನ ರುಮೇನಿಯಾ ದೇಶ 2024ರ ಕೊನೆಯಲ್ಲಿ ಇದಕ್ಕೆ ಉತ್ತರ ಹೇಳಲೇಬೇಕಾಯಿತು.

ಆ ವರ್ಷದ ನವೆಂಬರ್ 24ರಂದು ಅಲ್ಲಿ ರಾಷ್ಟ್ರಾಧ್ಯಕ್ಷರ ಚುನಾವಣೆಯ ಮೊದಲ ಸುತ್ತು ನಡೆಯಿತು. ಸಮೀಕ್ಷೆಗಳು ಲೆಕ್ಕಕ್ಕೇ ಹಿಡಿಯದಿದ್ದ ಪಕ್ಷೇತರ ಅಭ್ಯರ್ಥಿ ಕೆಲಿನ್ ಜಾರ್ಜೆಸ್ಕು ಸುಮಾರು ಶೇಕಡ 23ರಷ್ಟು ಮತ ಪಡೆದು ಮೊದಲ ಸ್ಥಾನಕ್ಕೆ ಬಂದರು. ಪ್ರಚಾರಕ್ಕೆ ಒಂದು ಕಾಸನ್ನೂ ಖರ್ಚು ಮಾಡಿಲ್ಲವೆಂದು ಅವರು ಲೆಕ್ಕ ಕೊಟ್ಟಿದ್ದರು. ಆದರೆ ಟಿಕ್‌ಟಾಕ್‌ನಲ್ಲಿ ಅವರ ಮುಖ, ಅವರ ಮಾತು ಎಲ್ಲೆಲ್ಲೂ ಹರಿದಾಡಿತ್ತು. ಮತದಾನಕ್ಕೆ ಎರಡು ವಾರ ಇರುವಾಗ ಸುಮಾರು 25,000 ಖಾತೆಗಳು ಒಮ್ಮೆಲೇ ಚುರುಕಾದವೆಂದೂ, ಹಿಂದೆ ಪರದೇಶದ ಕೈವಾಡದ ಗುರುತುಗಳಿವೆಯೆಂದೂ ಗುಪ್ತಚರ ವರದಿಗಳು ಹೇಳಿದವು. ಬೆರಳು ರಷ್ಯಾದ ಕಡೆಗೆ ತಿರುಗಿತು; ರಷ್ಯಾ ಅಲ್ಲಗಳೆಯಿತು. ಎರಡನೆಯ ಸುತ್ತಿಗೆ ಎರಡೇ ದಿನ ಉಳಿದಿದ್ದಾಗ, ಡಿಸೆಂಬರ್ 6ರಂದು, ಸಂವಿಧಾನ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದುಗೊಳಿಸಿತು.

ನ್ಯಾಯಾಲಯದ ಪರವಾಗಿ ಹೇಳಬೇಕಾದುದು ಇದೆ. ಮತವೆಂದರೆ ಸಮ್ಮತಿ. ಮೋಸದಿಂದ ಪಡೆದ ಸಮ್ಮತಿ ಸಮ್ಮತಿಯಲ್ಲ. ವಿವಾಹದ ವಿಷಯದಲ್ಲಿಯೂ ನಮ್ಮ ಧರ್ಮಸಭೆಯ ಕಾನೂನು ಇದನ್ನೇ ಹೇಳುತ್ತದೆ: ಬಾಳನ್ನೇ ಕೆಡಿಸಬಲ್ಲ ಸಂಗತಿಯೊಂದನ್ನು ಬೇಕೆಂದೇ ಮರೆಮಾಚಿ ಒಪ್ಪಿಗೆ ಪಡೆದಿದ್ದರೆ ಆ ವಿವಾಹ ಅಸಿಂಧು. ಆದರೆ ಅದೇ ಕಾನೂನು ಪುರಾವೆಯನ್ನೂ ಕೇಳುತ್ತದೆ. ಬರೀ ಸಂಶಯದ ಮೇಲೆ ಯಾರ ವಿವಾಹವನ್ನೂ ಅಸಿಂಧುವೆನ್ನಲಾಗದು. ಯೂರೋಪಿನ ವೆನಿಸ್ ಆಯೋಗ 2025ರ ಜನವರಿಯಲ್ಲಿ ಹೇಳಿದ್ದೂ ಇದೇ: ಗುಟ್ಟಾದ ಗುಪ್ತಚರ ಮಾಹಿತಿಯೊಂದನ್ನೇ ನಂಬಿ ಚುನಾವಣೆ ರದ್ದುಮಾಡಬಾರದು, ಕಾರಣಗಳು ಜನರ ಕಣ್ಣಿಗೆ ಕಾಣುವಂತಿರಬೇಕು.

ಶುಭಸಂದೇಶದ ಗೋದಿ ಮತ್ತು ಕಳೆಯ ಸಾಮತಿಯನ್ನು ನೆನೆಯೋಣ. ಎಲ್ಲರೂ ನಿದ್ರಿಸುತ್ತಿದ್ದಾಗ ಶತ್ರು ಬಂದು ಕಳೆ ಬಿತ್ತಿ ಹೋಗುತ್ತಾನೆ. ಕಿತ್ತುಹಾಕೋಣವೇ ಎಂದು ಆಳುಗಳು ಕೇಳಿದರೆ ಯಜಮಾನ ಬೇಡವೆನ್ನುತ್ತಾನೆ. ಜೊತೆಗೆ ಗೋದಿಯ ಪೈರೂ ಕಿತ್ತುಬಂದೀತೆಂಬ ಭಯ ಅವನಿಗೆ. ಸಾಮತಿಯೇನೂ ಚುನಾವಣಾ ಕಾನೂನಲ್ಲ. ಆದರೂ ಆ ಭಯದಲ್ಲಿ ವಿವೇಕವಿದೆ. ಜಾರ್ಜೆಸ್ಕುವಿಗೆ ಮತ ಹಾಕಿದ 20 ಲಕ್ಷಕ್ಕೂ ಹೆಚ್ಚು ಮಂದಿ ರಷ್ಯಾದ ಆಳುಗಳಲ್ಲ. ಬೆಲೆಯೇರಿಕೆಯಿಂದ ಬಳಲಿದವರು, ಹಳೆಯ ಪಕ್ಷಗಳ ಭ್ರಷ್ಟಾಚಾರ ಕಂಡು ಬೇಸತ್ತವರು, ಹೊಟ್ಟೆಪಾಡಿಗಾಗಿ ಇಟಲಿ, ಸ್ಪೇನ್, ಜರ್ಮನಿಗೆ ಹೋಗಿ ದುಡಿಯುವವರು ಅವರಲ್ಲಿದ್ದರು. ಮನೆಗೊಬ್ಬರನ್ನು ಕೊಲ್ಲಿ ರಾಷ್ಟ್ರಗಳಿಗೆ ಕಳುಹಿಸಿಕೊಟ್ಟ ನಮ್ಮ ಕುಟುಂಬಗಳಿಗೆ ಆ ನೋವು ತಿಳಿಯದ್ದೇನಲ್ಲ.

ಇಂಥ ನೋವಿನಲ್ಲಿಯೇ ಜನಪ್ರಿಯತಾವಾದ ಬೇರು ಬಿಡುತ್ತದೆ. 'ನಿಜವಾದ ಜನ ನಾವೇ, ನಮ್ಮನ್ನು ಒಪ್ಪದವರೆಲ್ಲ ಜನದ್ರೋಹಿಗಳು' ಎನ್ನುವ ರಾಜಕೀಯವದು. ಹೊರಗಿನವರು ಬೀಜ ತಂದು ಎರಚಬಹುದು. ಆದರೆ ಹೊಲವನ್ನು ಹದಮಾಡಿಟ್ಟವರು ಜನರ ಅಳಲಿಗೆ ಕಿವಿಗೊಡದ ಒಳಗಿನವರೇ.

ಮುಂದೆ ನಡೆದದ್ದೂ ಇದನ್ನೇ ತೋರಿಸಿತು. 2025ರ ಮಾರ್ಚ್‌ನಲ್ಲಿ ಜಾರ್ಜೆಸ್ಕುವನ್ನು ಕಣದಿಂದ ಹೊರಗಿಡಲಾಯಿತು. ಆದರೆ ಮೇ 4ರ ಮರುಚುನಾವಣೆಯಲ್ಲಿ ಅದೇ ದನಿಯ ಜಾರ್ಜ್ ಸಿಮಿಯೋನ್ ಸುಮಾರು ಶೇಕಡ 41 ಮತ ಪಡೆದರು. ಮತ ರದ್ದಾಗಿತ್ತು, ಸಿಟ್ಟು ರದ್ದಾಗಿರಲಿಲ್ಲ. ಮೇ 18ರ ಅಂತಿಮ ಸುತ್ತಿನಲ್ಲಿ ಬುಕಾರೆಸ್ಟ್ ನಗರದ ಮೇಯರ್, ಗಣಿತಜ್ಞ ನಿಕುಶೋರ್ ದಾನ್ ಸುಮಾರು ಶೇಕಡ 54 ಮತಗಳಿಂದ ಗೆದ್ದರು. ಗೆಲ್ಲಿಸಿದ್ದು ಯಾರು? ರದ್ದಾದ ಚುನಾವಣೆಯಲ್ಲಿ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು ಮಂದಿ ಮತ ಹಾಕಿದ್ದರು. ಈ ಸಲ ನೂರಕ್ಕೆ ಸುಮಾರು 65 ಮಂದಿ ಬಂದರು. ನಿದ್ರಿಸುತ್ತಿದ್ದವರು ಎದ್ದಿದ್ದರು.

ಇನ್ನೊಂದು ಮಾತು. ಕಥೋಲಿಕರಾದ ನಮಗೆ ಅದು ತುಸು ಕಹಿಯೇ. ಪರದೇಶದ ಕೈವಾಡ ನಮಗಾಗದವರ ಪರವಾಗಿದ್ದಾಗ ಮಾತ್ರ ಪಾಪವೇ? 1948ರ ಏಪ್ರಿಲ್ 18ರಂದು ಇಟಲಿಯಲ್ಲಿ ಕಮ್ಯುನಿಸ್ಟರಿಗೂ ಕ್ರೈಸ್ತ ಪ್ರಜಾಸತ್ತಾವಾದಿ ಪಕ್ಷಕ್ಕೂ ದೊಡ್ಡ ಹೋರಾಟ ನಡೆಯಿತು. ಧರ್ಮಸಭೆ ಬಹಿರಂಗವಾಗಿಯೇ ಎರಡನೆಯವರ ಬೆನ್ನಿಗೆ ನಿಂತಿತ್ತು. ಕಮ್ಯುನಿಸ್ಟರು ಗೆದ್ದರೆ ನೆರವು ನಿಲ್ಲುವುದೆಂದು ಅಮೆರಿಕ ಮೊದಲೇ ಎಚ್ಚರಿಸಿತ್ತು. ಅದರ ಗುಪ್ತಚರ ಸಂಸ್ಥೆ ಸಿ.ಐ.ಎ. ಆ ಪಕ್ಷಕ್ಕೆ ಗುಟ್ಟಾಗಿ ಹಣ ಒದಗಿಸಿದ್ದು ನಂತರ ಬಯಲಾಯಿತು. ಮಾಸ್ಕೋ ಕೂಡ ತನ್ನವರ ಕೈಬಿಟ್ಟಿರಲಿಲ್ಲ. ಕ್ರೈಸ್ತ ಪ್ರಜಾಸತ್ತಾವಾದಿಗಳು ಶೇಕಡ 48ಕ್ಕಿಂತ ಹೆಚ್ಚು ಮತ ಪಡೆದು ಗೆದ್ದರು. ಗೆದ್ದವರು ನಮಗೆ ಬೇಕಾದವರೆಂಬ ಮಾತ್ರಕ್ಕೆ ಗುಟ್ಟಿನ ಹಣ ಶುದ್ಧವಾಗುವುದಿಲ್ಲ. ಒಳ್ಳೆಯ ಗುರಿಗಾಗಿ ಕೆಟ್ಟ ದಾರಿ ಹಿಡಿಯಬಾರದೆಂದು ಮಕ್ಕಳಿಗೆ ಕಲಿಸುವ ನಾವು ಅದೇ ತಕ್ಕಡಿಯಲ್ಲಿ ನಮ್ಮನ್ನೂ ತೂಗಿಕೊಳ್ಳಬೇಕು.

ಪೋಪ್ ಹನ್ನೆರಡನೇ ಪಯಸ್ 1944ರ ಕ್ರಿಸ್ಮಸ್ ಸಂದೇಶದಲ್ಲಿ 'ಜನತೆ' ಮತ್ತು 'ಗುಂಪು' ಎಂಬ ವ್ಯತ್ಯಾಸವನ್ನು ತೋರಿಸಿದ್ದರು. ಜನತೆಗೆ ಸ್ವಂತ ಬದುಕಿದೆ. ಪ್ರತಿಯೊಬ್ಬನೂ ತನ್ನ ಹೊಣೆಯನ್ನು ತಾನರಿತು ನಡೆಯುತ್ತಾನೆ. ಗುಂಪಿಗಾದರೋ ಸ್ವಂತ ಚಲನೆಯಿಲ್ಲ. ಹೊರಗಿನಿಂದ ಯಾರು ತಳ್ಳಿದರೆ ಆ ಕಡೆಗೆ ಸರಿಯುತ್ತದೆ. ಯುದ್ಧದ ನಡುವೆ ಬಂದ ಆ ಮಾತು ಮೊಬೈಲ್ ಯುಗಕ್ಕೂ ತಕ್ಕುದಾಗಿದೆ. ಪರದೇಶದ ಕೈಗೆ ಸುಲಭವಾಗಿ ಸಿಗುವುದು ಗುಂಪು, ಜನತೆಯಲ್ಲ.

ಗುಂಪು ಜನತೆಯಾಗುವ ಮೊದಲ ಪಾಠಶಾಲೆ ಕುಟುಂಬ. ಯಾರೋ ಕಳುಹಿಸಿದ ವೀಡಿಯೋವನ್ನು ನಿಜವೋ ಸುಳ್ಳೋ ನೋಡದೆ ಹತ್ತು ಜನರಿಗೆ ದಾಟಿಸುವಾಗ ದೇವರ ಎಂಟನೆಯ ಆಜ್ಞೆ ನಮಗೆ ನೆನಪಾಗುತ್ತದೆಯೇ? ಸುಳ್ಳುಸಾಕ್ಷಿ ಹೇಳುವುದಕ್ಕೆ ಇಂದು ಬಾಯಿಯೇ ಬೇಕಿಲ್ಲ, ಒಂದು ಬೆರಳು ಸಾಕು. ಊಟಕ್ಕೆ ಕೂತಾಗ ಮಗ ತಂದ ಸುದ್ದಿಗೆ 'ಇದನ್ನು ಹೇಳಿದವರು ಯಾರು? ಇದರಿಂದ ಯಾರಿಗೆ ಲಾಭ?' ಎಂದು ಅಪ್ಪ ಅಮ್ಮ ಕೇಳಲಿ. ಹಾಗೆಯೇ ಕೆಲಸವಿಲ್ಲದೆ ಕೂತ ನೆರೆಮನೆಯ ಹುಡುಗನ ಸಿಟ್ಟಿಗೂ ಕಿವಿಗೊಡಲಿ. ನಾವು ಕೇಳದಿದ್ದರೆ ಕೇಳುವಂತೆ ನಟಿಸುವವರು ಇದ್ದೇ ಇದ್ದಾರೆ.