ಕೆರೆಯೊಳಗಿನ ಎಮ್ಮೆಗೆ ಎಷ್ಟು ಕೂಗುವುದು?

ಕೆರೆಯಲ್ಲಿ ಮುಳುಗಿರುವ ಎಮ್ಮೆಗೆ ದಂಡೆ ಮೇಲೆ ನಿಂತು ವ್ಯಾಪಾರ ಕುದುರಿಸಬೇಡ ಅನ್ನುತ್ತಿದ್ದರು ನಮ್ಮಪ್ಪ. ಮೇಲೆ ಕಾಣುವುದು ಎರಡು ಕೊಂಬು, ಒಂದಿಷ್ಟು ಬೆನ್ನು. ಕುಂಟು ಕಾಲು, ಬತ್ತಿದ ಕೆಚ್ಚಲು ಎಲ್ಲ ನೀರಿನಡಿ. ಮಾರುವವನು ಕೊಂಬನ್ನೇ ಹೊಗಳುತ್ತಾನೆ. ಕೊಳ್ಳುವವನು ಕಾಣದ ಎಮ್ಮೆಯನ್ನು ಮನಸ್ಸಿನಲ್ಲೇ ಮೇಯಿಸಿ ದಪ್ಪ ಮಾಡಿಕೊಳ್ಳುತ್ತಾನೆ.

ಬ್ಯಾಂಕು ಹರಾಜಿಗಿಟ್ಟ ಮನೆಗೆ ಲ್ಯಾಪ್‌ಟಾಪ್ ಮುಂದೆ ಕೂತು ಕೂಗುವಾಗ ನಾನು ಮಾಡಿದ್ದೂ ಅದನ್ನೇ. ರಿಸರ್ವ್ ಬೆಲೆ 42 ಲಕ್ಷ. ಇದ್ದದ್ದು ಒಂದೇ ಫೋಟೋ: ಗೇಟು, ಅದರಾಚೆ ತೆಂಗಿನ ಮರ. 46 ದಾಟುವುದಿಲ್ಲ ಎಂದು ಡೈರಿಯಲ್ಲಿ ಬರೆದಿದ್ದೆ. ಕೊನೆಯ ಐದು ನಿಮಿಷದಲ್ಲಿ ಯಾರಾದರೂ ಕೂಗಿದರೆ ಹರಾಜು ಇನ್ನೈದು ನಿಮಿಷ ಬೆಳೆಯುತ್ತದೆ. ಪ್ರತಿ ಸಲವೂ 25,000 ತಾನೇ ಅನ್ನಿಸುತ್ತದೆ. 49 ಮುಟ್ಟುವ ಹೊತ್ತಿಗೆ ನನಗೆ ಮನೆ ಬೇಕಿರಲಿಲ್ಲ, ಆ ಕಾಣದ ಎದುರಾಳಿ ಸೋಲಬೇಕಿತ್ತು. ಅವನು ಮತ್ತೆ ಕೂಗಿದ. ನಾನು ಸುಮ್ಮನಾದದ್ದು ಬುದ್ಧಿ ಬಂದು ಅಲ್ಲ, ಕರೆಂಟು ಹೋಗಿ.

ಗೆದ್ದು ಆಮೇಲೆ ನೋಡಿಕೊಳ್ಳೋಣ ಅನ್ನುವ ಚಟ ಇಲ್ಲಿ ನಡೆಯದು. ಬ್ಯಾಂಕುಗಳ ಸಾಲ ವಸೂಲಿಗಿರುವ ಸರ್ಫೇಸಿ ಕಾಯ್ದೆಯ ನಿಯಮದಂತೆ ಗೆದ್ದ ದಿನವೇ, ತಪ್ಪಿದರೆ ಮುಂದಿನ ಕೆಲಸದ ದಿನದೊಳಗೆ, ಠೇವಣಿಯೂ ಸೇರಿ ಶೇ 25 ಕಟ್ಟಬೇಕು. ಉಳಿದದ್ದು ಮಾರಾಟ ದೃಢಪಟ್ಟ 15 ದಿನಕ್ಕೆ; ಬ್ಯಾಂಕು ಒಪ್ಪಿದರೆ ಹೆಚ್ಚೆಂದರೆ ಮೂರು ತಿಂಗಳು. ತಪ್ಪಿದರೆ ಕಟ್ಟಿದ್ದು ಮುಟ್ಟುಗೋಲು. 2024ರಲ್ಲಿ ಸುಪ್ರೀಂ ಕೋರ್ಟೂ ಇಂಥ ಮುಟ್ಟುಗೋಲನ್ನು ಎತ್ತಿಹಿಡಿದಿದೆ. ಸಾಲ ಮಂಜೂರಾಗುತ್ತೆ ಬಿಡು ಅಂತ ಕೂರುವವನೇ, ಕೇಳಿಸಿತೇ? ನನಗೇ ಹೇಳಿಕೊಳ್ಳುತ್ತಿದ್ದೇನೆ.

ಈಗ ಲೆಕ್ಕ ತಿರುವುಮುರುವು. ಅದೇ ಬೀದಿಯಲ್ಲಿ ಈಚೆಗೆ ಮಾರಾಟವಾದ ಮನೆಯ ಬೆಲೆ ಹಿಡಿದು ಕಳೆಯುತ್ತಾ ಬರುತ್ತೇನೆ: ಕಂದಾಯ ಬಾಕಿ, ಕರೆಂಟು-ನೀರಿನ ಬಾಕಿ, ಮುದ್ರಾಂಕ, ನೋಂದಣಿ (ನಮ್ಮ ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2), ಮನೆ ಕೈಗೆ ಬರುವವರೆಗಿನ ಬಡ್ಡಿ. ಒಳಗೆ ಕಾಲಿಟ್ಟಿಲ್ಲವಾದರೆ ರಿಪೇರಿಗೆ ಅಂದಾಜಿನ ಎರಡರಷ್ಟು. ಋಣಭಾರ ಪತ್ರ (ಇ.ಸಿ.) ಮೊದಲೇ ತೆಗೆಸಿ, ವಕೀಲರಿಗೆ ತೋರಿಸಿ. ಪ್ರಕಟಣೆಯಲ್ಲಿ 'ಸಾಂಕೇತಿಕ ಸ್ವಾಧೀನ' ಅಂತಿದ್ದರೆ ಒಳಗೆ ಜನ ಇದ್ದಾರೆ ಎಂದೇ ಓದಿಕೊಳ್ಳಿ. ಕೊನೆಗೆ ಉಳಿದ ಅಂಕಿಯನ್ನು ನನ್ನ ಹೆಂಡತಿ ಬರೆಯುತ್ತಾಳೆ. ನನ್ನ ಕೈಬರಹಕ್ಕೆ ನನ್ನಲ್ಲೇ ಮರ್ಯಾದೆ ಇಲ್ಲ.

ಮೊನ್ನೆ ಬೆಳಿಗ್ಗೆ ಆ ಮನೆ ಮುಂದೆ ಹಾದುಹೋದೆ. ಹರಾಜಾಗಿ ಏಳು ತಿಂಗಳು. ಗೇಟಿಗೆ ಅಂಟಿಸಿದ್ದ ಬ್ಯಾಂಕಿನ ನೋಟಿಸು ಬಿಸಿಲಿಗೆ ಬೆಳ್ಳಗಾಗಿತ್ತು. ಅದರ ಕೆಳಗೆ, ಇನ್ನೂ ಆರದ ನೆಲದ ಮೇಲೆ, ಆಗತಾನೆ ಹಾಕಿದ ರಂಗೋಲಿ.