ಗೊತ್ತು ಮಾಡಿದ ದಿನ, ಗೊತ್ತಿಲ್ಲದ ರಾತ್ರಿ

“ಸಿಝರ್ ಆಯ್ತಂತ? ಹಂಗಾದ್ರ ಬ್ಯಾನಿ ತಿಂದಿಲ್ಲ ಬಿಡವಾ.”

ಬಾಣಂತಿಯನ್ನು ನೋಡಲು ಬಂದ ಹಿರಿಯರು ಹೀಗೆನ್ನುವುದು ಕಲಬುರಗಿಯಲ್ಲೂ ಉಂಟು, ನಾಸಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಲ್ಲೂ ಉಂಟು. ಹನ್ನೆರಡು ತಾಸು ಬ್ಯಾನಿ ತಿಂದು, ಕೊನೆಗೆ ಮಗುವಿನ ಎದೆಬಡಿತ ಇಳಿಯಿತೆಂದು ಆಪರೇಷನ್ ಟೇಬಲ್ ಏರಿದವಳಿಗೆ ಈ ಮಾತು ಹೊಲಿಗೆಗಿಂತ ಹೆಚ್ಚು ನೋಯಿಸುತ್ತದೆ.

ಸಿಜೇರಿಯನ್ ಎಂದರೆ ಎಲ್ಲವೂ ಒಂದೇ ಅಲ್ಲ. ನಾಸಿಕದಂಥ ನಗರದ ನರ್ಸಿಂಗ್ ಹೋಮಿನಲ್ಲಿ ಮೊದಲೇ ದಿನ ಗೊತ್ತು ಮಾಡಿದ ಹೆರಿಗೆಯನ್ನು ನೋಡಿ. ಮಗು ಅಡ್ಡ ಮಲಗಿದೆ, ಇಲ್ಲವೇ ಮಾಸು ಗರ್ಭಕೋಶದ ಬಾಯಿ ಮುಚ್ಚಿದೆ, ಇಲ್ಲವೇ ಹಿಂದಿನ ಎರಡು ಹೆರಿಗೆಯೂ ಆಪರೇಷನ್ನೇ. ಕಾರಣ ಮೊದಲೇ ಗೊತ್ತು. ರಕ್ತ ಕಾದಿರಿಸಿದೆ, ಹೊಟ್ಟೆ ಖಾಲಿಯಿದೆ, ಅರಿವಳಿಕೆ ವೈದ್ಯರು ಬಂದಿದ್ದಾರೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಸೊಂಟದ ಕೆಳಗೆ ಜೋಮು. ಮಗುವಿನ ಮೊದಲ ಅಳು ತಾಯಿಗೆ ಕೇಳಿಸುತ್ತದೆ. ನಡುವೆ ಮನೆಯವರು ಪಂಚಾಂಗ ತೆಗೆಯುವುದೂ ಉಂಟು. ಅಮಾವಾಸ್ಯೆ ಬೇಡ, ಪಿತೃಪಕ್ಷ ಬೇಡ. ಪಂಚವಟಿಯ ಊರಲ್ಲಿ ಮುಹೂರ್ತ ನೋಡುವವರಿಗೆ ಬರವೇ? ವೈದ್ಯರು ಬೇರೆ ಹೇಳದಿದ್ದರೆ, 39 ವಾರ ತುಂಬಿದ ಮೇಲೆ ಯಾವ ಗಳಿಗೆಯಾದರೂ ಇರಲಿ. ಮುಹೂರ್ತಕ್ಕೆಂದು 37ನೇ ವಾರಕ್ಕೇ ಅವಸರ ಮಾಡಿದರೆ ಮಗುವಿನ ಶ್ವಾಸಕೋಶದ ನೀರು ಪೂರ್ತಿ ಇಂಗದೆ, ಶುಭಗಳಿಗೆಯಲ್ಲಿ ಹುಟ್ಟಿದ ಕೂಸು ಆಕ್ಸಿಜನ್ ಹಚ್ಚಿಸಿಕೊಂಡು ಮಲಗಬೇಕಾದೀತು.

ಇನ್ನೊಂದು, ತುರ್ತಿನ ಹೆರಿಗೆ, ಛತ್ರಪತಿ ಸಂಭಾಜಿನಗರದ ಕಡೆಯದು. ಮೊನ್ನೆ 2023ರವರೆಗೆ ಔರಂಗಾಬಾದ್ ಆಗಿದ್ದ ಈ ಊರಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಜನ ಇಟ್ಟ ಹೆಸರು ‘ಘಾಟಿ’. ವೈಜಾಪುರ, ಸಿಲ್ಲೋಡ್, ನಮ್ಮ ಭಾಷೆಯ ಹೆಸರನ್ನೇ ಹೊತ್ತ ಕನ್ನಡ ತಾಲ್ಲೂಕು, ಎಲ್ಲ ಕಡೆಯ ಬಡವರೂ ಹೆರಿಗೆ ಕಷ್ಟವಾದಾಗ ನೆಚ್ಚಿಕೊಳ್ಳುವುದು ಇದನ್ನೇ. ರಾತ್ರಿ ಅರಿವಳಿಕೆ ವೈದ್ಯರಿಲ್ಲದ ತಾಲ್ಲೂಕು ಆಸ್ಪತ್ರೆ ಮಾಡಬಲ್ಲದ್ದು ಒಂದೇ, ಮುಂದಕ್ಕೆ ಕಳಿಸುವುದು. ತಾಯಿ ಅಥವಾ ಮಗುವಿನ ಜೀವಕ್ಕೇ ಸಂಚಕಾರ ಬಂದಾಗ ತೀರ್ಮಾನವಾದ ಅರ್ಧ ತಾಸಿನಲ್ಲಿ ಮಗು ಹೊರಬರಬೇಕೆಂಬುದು ವೈದ್ಯಕೀಯದ ವಾಡಿಕೆ. ಆ ಅರ್ಧ ತಾಸು ರಸ್ತೆಯ ಮೇಲೆಯೇ ಕಳೆದುಹೋಗುತ್ತದೆ.

ತುರ್ತಿನಲ್ಲಿ ಬೆನ್ನಿನ ಇಂಜೆಕ್ಷನ್ನಿಗೂ ಪುರಸೊತ್ತಿಲ್ಲದಿದ್ದರೆ ಪೂರ್ತಿ ಪ್ರಜ್ಞೆ ತಪ್ಪಿಸುತ್ತಾರೆ. ಮಗುವಿನ ತಲೆ ಕೆಳಗಿಳಿದು ಸಿಕ್ಕಿಕೊಂಡಿದ್ದರೆ ಎತ್ತುವುದು ಕಷ್ಟ. ಗರ್ಭಕೋಶ ಹರಿಯುವ ಭಯ, ರಕ್ತ ಹೆಚ್ಚು ಹೋಗುವ ಭಯ. ನೀರು ಒಡೆದು ಬಹಳ ಹೊತ್ತಾಗಿದ್ದರೆ ನಂಜಿನ ಕಾಟ ಬೇರೆ.

ಹೊರಗಿನಿಂದ ನೋಡಿದರೆ ಇಬ್ಬರ ಗಾಯವೂ ಒಂದೇ. ಇಬ್ಬರೂ ಮಂಚದಿಂದ ಏಳುವಾಗ ಮಗ್ಗುಲಿಗೆ ಹೊರಳಿ ಕೈಯೂರಿಯೇ ಏಳಬೇಕು, ಕೆಮ್ಮು ಬಂದರೆ ಹೊಟ್ಟೆಗೆ ದಿಂಬು ಒತ್ತಿಕೊಳ್ಳಬೇಕು, ಆರು ವಾರ ಕೂಸಿಗಿಂತ ಭಾರವಾದದ್ದನ್ನು ಎತ್ತಬಾರದು. ಆದರೆ ಮೊದಲನೆಯವಳು ಹಿಂದಿನ ರಾತ್ರಿ ಒಂದಿಷ್ಟಾದರೂ ಮಲಗಿದ್ದಳು. ಎರಡನೆಯವಳು ಸೋತು ಸುಣ್ಣವಾದ ಮೇಲೆ ಕೊಯ್ಯಿಸಿಕೊಂಡವಳು. ಜ್ವರ, ರಕ್ತಹೀನತೆ ಅವಳಿಗೇ ಹೆಚ್ಚು, ಹಾಲು ಇಳಿಯುವುದೂ ಒಮ್ಮೊಮ್ಮೆ ತಡ. ಕಣ್ಣು ಮುಚ್ಚಿದರೆ ಆ ರಾತ್ರಿಯೇ ಮತ್ತೆ ಎದುರಿಗೆ ಬರುವುದೂ ಉಂಟು. ಬಾಣಂತಿಗೆಂದು ಅಂಟಿನ ಉಂಡಿ, ಅಳ್ವಿ ಖೀರು ಕರ್ನಾಟಕ-ಮಹಾರಾಷ್ಟ್ರ ಗಡಿಯ ಎರಡೂ ಕಡೆ ಹೊತ್ತಿಗೆ ಸರಿಯಾಗಿ ಬರುತ್ತವೆ. ಅಂದು ಏನಾಯಿತು, ಏಕೆ ಕೊಯ್ಯಬೇಕಾಯಿತು ಎಂದು ಅವಳ ಪಕ್ಕ ಕೂತು ಬಿಡಿಸಿ ಹೇಳುವವರು ಮಾತ್ರ ಅಪರೂಪ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮಹಾರಾಷ್ಟ್ರದ ಸಿಜೇರಿಯನ್ ಪ್ರಮಾಣ ಶೇ 25.4, ಕರ್ನಾಟಕದ್ದು ಶೇ 31.5. ದೇಶದ ಖಾಸಗಿ ಆಸ್ಪತ್ರೆಗಳಲ್ಲಿ ಶೇ 47.4, ಸರ್ಕಾರಿಯಲ್ಲಿ ಶೇ 14.3. ಈ ಅಂತರವನ್ನು ವೈದ್ಯಕೀಯ ಅಗತ್ಯವೊಂದೇ ವಿವರಿಸಲಾರದು; ದುಡ್ಡು, ಅನುಕೂಲ, ಹೆದರಿಕೆ ಎಲ್ಲವೂ ಸೇರಿವೆ. ನಗರದಲ್ಲಿ ಬೇಡದ ಆಪರೇಷನ್, ತಾಲ್ಲೂಕಿನಲ್ಲಿ ಬೇಕಾದಾಗ ಸಿಗದ ಆಪರೇಷನ್: ಬೈಯುವುದಾದರೆ ಈ ವ್ಯವಸ್ಥೆಯನ್ನು ಬೈಯಬೇಕು, ಬಾಣಂತಿಯನ್ನಲ್ಲ.

2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸಿಜೇರಿಯನ್ ಉಚಿತ. ಬಾಣಂತಿಗೆ ಏಳು ದಿನದ ಊಟವೂ, ಮನೆಗೆ ಬಿಡುವ ವಾಹನವೂ ಉಚಿತ. ಕೇಳಿ ಪಡೆಯಿರಿ. ರಾತ್ರಿ ಅರಿವಳಿಕೆ ವೈದ್ಯರು ಇರುತ್ತಾರೆಯೇ, ರಕ್ತ ಎಲ್ಲಿಂದ ಬರುತ್ತದೆ ಎಂಬುದನ್ನು ಎಂಟನೇ ತಿಂಗಳಲ್ಲೇ ವಿಚಾರಿಸಿಡಿ. ಆಸ್ಪತ್ರೆ ಬಿಡುವ ದಿನ ಡಿಸ್ಚಾರ್ಜ್ ಕಾರ್ಡಿನಲ್ಲಿ ಆಪರೇಷನ್ನಿನ ಕಾರಣವನ್ನೂ ಗರ್ಭಕೋಶದ ಮೇಲೆ ಎಲ್ಲಿ ಕೊಯ್ದರೆಂಬುದನ್ನೂ ಬರೆಸಿಕೊಳ್ಳಿ. ಮುಂದಿನ ಹೆರಿಗೆ ಸಹಜವಾಗಿ ಆಗಬಹುದೇ ಎಂದು ತೀರ್ಮಾನಿಸುವ ವೈದ್ಯರು ಮೊದಲು ಕೇಳುವುದು ಆ ಕಾರ್ಡನ್ನೇ.